‘ಗಂಡಬಿಟ್ಟವಳು’ ಪದವನ್ನು ಬಿಡಿಸಿ ಓದಿದ ಯೋಜನಾಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಕಚೇರಿಯ ಸೂಚನಾ ಫಲಕದಲ್ಲಿ ನನ್ನ ಹೆಸರಿನ ಎದುರು ‘ಗಂಡನನ್ನು ಬಿಟ್ಟವರು, ಹೊಂದಾಣಿಕೆ ಗುಣ ಸಂದೇಹಾಸ್ಪದ’ ಎಂದು ಬರೆಸಿದ್ದೀರಿ. ಅದೇ ಕಾರಣ ಕೊಟ್ಟು ನ್ಯಾಮತಿ ತರಬೇತಿ ಕೇಂದ್ರದ ಸಂಯೋಜಕಿ ಹುದ್ದೆಯನ್ನು ನನಗೆ ನಿರಾಕರಿಸಿದ್ದೀರಿ. ಹುದ್ದೆ ಕೊಡುವುದೂ ಬಿಡುವುದೂ ತಮ್ಮ ಅಧಿಕಾರ, ಒಪ್ಪಿದೆ. ಆದರೆ ಇಲ್ಲದ ‘ಅನ್ನು’ ಪ್ರತ್ಯಯವೊಂದನ್ನು ತಂದು ನನ್ನ ಬದುಕಿಗೆ ಅಂಟಿಸುವ ಅಧಿಕಾರವನ್ನು ತಮಗೆ ಯಾವ ಸರ್ಕಾರ ಕೊಟ್ಟಿದೆ?

ತಮಗೆ ನನ್ನ ಮುಖ ನೆನಪಿರಲಾರದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತಮ್ಮ ಕೈಕೆಳಗೆ ನಾಲ್ಕು ಕೌಶಲ ತರಬೇತಿ ಕೇಂದ್ರಗಳಿವೆಯಲ್ಲ, ಅದರಲ್ಲಿ ನ್ಯಾಮತಿಯ ಕೇಂದ್ರದಲ್ಲಿ ‘ಕಚೇರಿ ಕನ್ನಡ’ ಕಲಿಸುವವಳು ನಾನು. ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದೇನೆ. ತಮ್ಮ ಸಭೆಗಳಲ್ಲಿ ಕಂಬದ ಮರೆಯ ಕುರ್ಚಿ ನನ್ನದು. ತರಗತಿಯ ಹೊರಗೆ ನಾಲ್ಕು ಜನರ ಎದುರು ಮಾತಾಡಲು ನನಗೆ ಸಂಕೋಚ. ಹಾಗಾಗಿ ನೋಡುತ್ತ ಕೂತಿರುತ್ತೇನೆ. ಯಾರು ಯಾವಾಗ ಯಾರ ಕಡೆ ನೋಡಿ ನಕ್ಕರು, ಯಾರ ಮಾತಿಗೆ ಯಾರು ಗಡಿಯಾರ ನೋಡಿಕೊಂಡರು ಎಂಬುದೆಲ್ಲ ನನಗೆ ನೆನಪಿರುತ್ತದೆ. ಮಾತಾಡದವರ ಎದುರು ಅಧಿಕಾರಿಗಳು ಬಹಳ ನಿರಾಳವಾಗಿರುತ್ತಾರೆ. ಆ ಅಭ್ಯಾಸವನ್ನು ಇನ್ನು ಮುಂದೆ ಕೈಬಿಡುವುದು ಕ್ಷೇಮ.

ತರಗತಿ ನಡೆದರೆ ನಮಗೆ ಗೌರವಧನ. ನಡೆಯದಿದ್ದರೆ ಗೌರವವೂ ಇಲ್ಲ, ಧನವೂ ಇಲ್ಲ. ಅದು ಸಾಲದೆಂದು ನ್ಯಾಮತಿಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುತ್ತೇನೆ, ಸಂಜೆ ಮನೆಪಾಠ ಹೇಳುತ್ತೇನೆ. ನನ್ನ ಮಗಳು ಅಷ್ಟು ಹೊತ್ತೂ ನಮ್ಮೂರು ಗೋವಿನಕೋವಿಯಲ್ಲಿ ಪಕ್ಕದ ಮನೆಯ ಉಚ್ಚಂಗಮ್ಮನವರ ಜಗಲಿಯ ಮೇಲಿರುತ್ತಾಳೆ. ಬರುವ ವರ್ಷ ಅವಳು ಒಂದನೇ ತರಗತಿಗೆ. ಸಂಯೋಜಕಿಯಾದರೆ ತಿಂಗಳ ಸಂಬಳ ಬರುತ್ತದೆ, ಕೆಲಸಕ್ಕೆ ಹೊತ್ತುಗೊತ್ತು ಇರುತ್ತದೆ, ನ್ಯಾಮತಿಯಲ್ಲೇ ಒಂದು ಕೋಣೆ ಹಿಡಿದು ಅವಳನ್ನು ಹತ್ತಿರದ ಶಾಲೆಗೆ ಸೇರಿಸಬಹುದು. ಅವಳು ನಿದ್ದೆ ಹೋಗುವ ಮೊದಲು ನಾನು ಮನೆ ಸೇರಬಹುದು. ನನ್ನ ವೃತ್ತಿ ಪ್ರಗತಿಯ ಕನಸು ಇಷ್ಟೇ. ತಾವು ಕಸಿದುಕೊಂಡದ್ದೂ ಇಷ್ಟೇ.

ಈ ‘ವೃತ್ತಿ ಪ್ರಗತಿ’ ಎಂಬ ಮಾತನ್ನು ನಾನು ಕಲಿತದ್ದೂ ತಮ್ಮಿಂದಲೇ. ಕಳೆದ ಬೇಸಿಗೆಯಲ್ಲಿ ಹೊನ್ನಾಳಿಯಲ್ಲಿ ತಾವು ‘ಒಂಟಿ ಪೋಷಕರ ಆದಾಯ ವೃದ್ಧಿ ಹಾಗೂ ವೃತ್ತಿ ಪ್ರಗತಿ’ ಎಂಬ ಕಾರ್ಯಾಗಾರ ನಡೆಸಿದಿರಿ. ಆಹ್ವಾನ ಪತ್ರಿಕೆಯ ಕರಡು ತಿದ್ದಿದವಳು ನಾನು. ಕೊನೆಯಲ್ಲಿ ‘ಮಕ್ಕಳನ್ನು ಕರೆತರತಕ್ಕದ್ದಲ್ಲ’ ಎಂದಿತ್ತು. ಒಂಟಿ ಪೋಷಕರನ್ನು ಕರೆದು ಮಕ್ಕಳನ್ನು ತರಬೇಡಿ ಎನ್ನುವುದು ಮುದ್ರಣದೋಷವೇ ಇರಬೇಕೆಂದು ತಮ್ಮ ಕಚೇರಿಯ ಅಧೀಕ್ಷಕರಾದ ಗುರುಬಸವರಾಜ್ ಅವರನ್ನು ಕೇಳಿದೆ.

“ದೋಷ ಅಲ್ರೀ ಮೇಡಂ, ಸಾಹೇಬ್ರೇ ಸೇರ್ಸಿದ್ದು. ಹುಡುಗ್ರು ಬಂದ್ರೆ ಗದ್ದಲ ಆಗ್ತೈತೆ” ಎಂದರು.

ಆ ದಿನ ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿಗಳು ಬೆಳಗಿನ ನಾಲ್ಕಕ್ಕೆ ಏಳಬೇಕೆಂದರು, ಹಪ್ಪಳ ಒತ್ತಬೇಕೆಂದರು, ಒತ್ತುವುದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ತೋರಿಸಬೇಕೆಂದರು. ಯಾವಾಗಲೂ ಮುಗುಳ್ನಗುತ್ತಿರಬೇಕಂತೆ. ಮನೆಗೆ ಬಂದು ಉಚ್ಚಂಗಮ್ಮನವರಿಗೆ ಇದನ್ನೆಲ್ಲ ವರದಿ ಮಾಡಿದೆ. ಅವರು ಎಲೆಗೆ ಸುಣ್ಣ ಸವರುತ್ತ, “ನಾಕಕ್ಕೆ ಎದ್ರೆ ದುಡ್ಡು ಬರಂಗಿದ್ರೆ ನಮ್ಮನಿ ಹುಂಜಕ್ಕೆ ಇಷ್ಟೊತ್ತಿಗೆ ಬಂಗ್ಲೆ ಇರಬೇಕಿತ್ತು ಕಣವ್ವಾ” ಎಂದರು. ಮುಂದಿನ ಕಾರ್ಯಾಗಾರಕ್ಕೆ ಉಚ್ಚಂಗಮ್ಮನವರನ್ನು ಕರೆಸಬಹುದು. ಶಾಲು ಕೂಡ ಬೇಡ, ಎಲೆ ಅಡಿಕೆ ಸಾಕು.

ಆದರೂ ನಾನು ಆ ದಿನ ಚಪ್ಪಾಳೆ ತಟ್ಟಿದ್ದು ನಿಜ. ಯಾಕೆಂದರೆ ಕಡೆಯಲ್ಲಿ ತಾವೇ ಮೈಕಿನ ಮುಂದೆ ಬಂದು, ಹೊಸದಾಗಿ ತುಂಬುವ ಸಂಯೋಜಕರ ಹುದ್ದೆಗಳಲ್ಲಿ ಒಂಟಿ ಪೋಷಕರಿಗೇ ಮೊದಲ ಆದ್ಯತೆ ಎಂದು ಸಾರಿದಿರಿ. ನನ್ನ ಪಕ್ಕದಲ್ಲಿ ಕೂತಿದ್ದ ಮದೀಹಾ ಅಕ್ಕ ನನಗಿಂತ ಜೋರಾಗಿ ತಟ್ಟಿದರು. ಅವರು ಚನ್ನಗಿರಿ ಕೇಂದ್ರದಲ್ಲಿ ಹೊಲಿಗೆ ಕಲಿಸುತ್ತಾರೆ, ಇಬ್ಬರು ಮಕ್ಕಳ ತಾಯಿ. ನಾನು ನ್ಯಾಮತಿಯ ಹುದ್ದೆಗೂ ಅವರು ಚನ್ನಗಿರಿಯ ಹುದ್ದೆಗೂ ಅರ್ಜಿ ಹಾಕಿದೆವು. ಸಂದರ್ಶನಕ್ಕೆ ಒಟ್ಟಿಗೇ ಬಂದೆವು.

ಒಳಗೆ ಹೋದಾಗ ತಾವು ನನ್ನ ಪದವಿಯನ್ನು ಕೇಳಲಿಲ್ಲ. ಎಷ್ಟು ಜನರಿಗೆ ಕಲಿಸಿದೆ, ಅವರಲ್ಲಿ ಯಾರು ಎಲ್ಲಿ ಕೆಲಸಕ್ಕೆ ಸೇರಿದರು ಎಂದು ಕೇಳಲಿಲ್ಲ. ತಲೆ ಎತ್ತದೆ ಕೇಳಿದ್ದು ಒಂದೇ:

“ಏನಮ್ಮಾ, ಗಂಡ ಬಿಟ್ಟೋಳಾ?”

ನಾನು ತಲೆಯಾಡಿಸಿದೆ. ಸಂಕೋಚದ ಸ್ವಭಾವದವರಿಗೆ ನಾಲಗೆಗಿಂತ ಮೊದಲು ಕುತ್ತಿಗೆ ಹೊರಳುತ್ತದೆ. ತಾವು ಏನನ್ನೋ ಗೀಚಿ ಗಂಟೆ ಒತ್ತಿದಿರಿ. ನನ್ನ ಸಂದರ್ಶನ ಮುಗಿಯಿತು.

ಮಾನ್ಯರೇ, ಸ್ವಲ್ಪ ವ್ಯಾಕರಣ. ತಮಗೆ ಪುರುಸೊತ್ತಿಲ್ಲದಿರಬಹುದು, ನನಗೆ ಇದು ಅನ್ನದ ಪ್ರಶ್ನೆ. ‘ಗಂಡಬಿಟ್ಟವಳು’ ಎಂಬ ನಮ್ಮ ಊರ ಮಾತಿನಲ್ಲಿ ವಿಭಕ್ತಿ ಪ್ರತ್ಯಯ ಉದುರಿಹೋಗಿದೆ. ಬಿಡಿಸಿ ಬರೆದರೆ ಅದು ‘ಗಂಡನು ಬಿಟ್ಟವಳು’ ಎಂದೂ ಆಗುತ್ತದೆ, ‘ಗಂಡನನ್ನು ಬಿಟ್ಟವಳು’ ಎಂದೂ ಆಗುತ್ತದೆ. ಒಂದರಲ್ಲಿ ಬಿಟ್ಟವನು ಅವನು, ಇನ್ನೊಂದರಲ್ಲಿ ಬಿಟ್ಟವಳು ಇವಳು. ನನ್ನ ತರಗತಿಯಲ್ಲಿ ಇದನ್ನು ವಿವರಿಸಲು ‘ಹುಲಿ ಕೊಂದವನು’ ಎಂಬ ಉದಾಹರಣೆ ಕೊಡುತ್ತೇನೆ. ಹುಲಿಯನ್ನು ಕೊಂದ ಶೂರನೆಂದು ತಿಳಿದು ಹಾರ ಹಿಡಿದು ಸನ್ಮಾನಕ್ಕೆ ಹೋದರೆ, ಅಲ್ಲಿ ಹುಲಿಯೇ ಕೊಂದುಹಾಕಿದವನ ಹೆಣ ಮಲಗಿರಬಹುದು. ಹಾರ ಹೇಗೂ ಉಪಯೋಗಕ್ಕೆ ಬರುತ್ತದೆ, ಅದು ಬೇರೆ ಮಾತು. ಬುದ್ಧಿ ಇರುವವರು ಹಾರ ಕೊಳ್ಳುವ ಮೊದಲು ಒಂದು ಮಾತು ವಿಚಾರಿಸುತ್ತಾರೆ. ತಾವು ವಿಚಾರಿಸಲಿಲ್ಲ. ಎರಡು ಅರ್ಥಗಳಲ್ಲಿ ಹೆಂಗಸಿನ ಮೇಲೆ ತಪ್ಪು ಬೀಳುವ ಅರ್ಥ ಯಾವುದೋ ಅದನ್ನೇ ಆರಿಸಿಕೊಂಡಿರಿ. ಇದು ಆಕಸ್ಮಿಕವೇ?

ನನ್ನ ಸಂಗತಿ ಕೇಳಿ. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಒಂದು ಬೆಳಿಗ್ಗೆ ನನ್ನ ಗಂಡ, ಕೆಲಸವಿದೆ, ಜಗಳೂರಿಗೆ ಹೋಗಿಬರ್ತೀನಿ ಎಂದು ಹೊರಟರು. ನಮ್ಮ ಕಡೆ ಹೊರಡುವವರು ಬರೀ ‘ಹೋಗ್ತೀನಿ’ ಎನ್ನುವುದಿಲ್ಲ. ಅಶುಭ. ‘ಹೋಗಿಬರ್ತೀನಿ’ ಎನ್ನಬೇಕು. ಅವರೂ ಪದ್ಧತಿ ಬಿಡದೆ ಹಾಗೇ ಅಂದರು. ಆ ಎರಡು ಕ್ರಿಯಾಪದಗಳಲ್ಲಿ ಮೊದಲನೆಯದನ್ನು ಮಾತ್ರ ನೆರವೇರಿಸಿದರು. ಈಗ ಅಲ್ಲೇ ಬೇರೊಂದು ಸಂಸಾರ ಹೂಡಿಕೊಂಡು ಸುಖವಾಗಿದ್ದಾರೆ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡವರೆಲ್ಲ ನನಗೆ ಬಂದು ವರದಿ ಒಪ್ಪಿಸುತ್ತಾರೆ, ದಪ್ಪ ಆಗಿದ್ದಾರಂತೆ. ಇಂಥ ನನ್ನನ್ನು ತಾವು ‘ಗಂಡನನ್ನು ಬಿಟ್ಟವರು’ ಎಂದು ಫಲಕಕ್ಕೆ ಏರಿಸಿದಿರಿ. ಅದನ್ನು ಮೊದಲು ಓದಿ ನನಗೆ ಹೇಳಿದವಳು ನನ್ನ ವಿದ್ಯಾರ್ಥಿನಿಯೇ. “ಮಿಸ್, ನಿಮ್ಮ ಬಗ್ಗೆ ಏನೋ ಬರ್ದಾರೆ” ಎಂದು ಅವಳು ಬೇರೆ ಕಡೆ ನೋಡಿದಳು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಪತ್ರಿಕೆಗೆ ಬರುತ್ತಿರಲಿಲ್ಲ. ತಿದ್ದುಪಡಿ ಕೋರಿ ಒಂದು ಸಣ್ಣ ಮನವಿ ಕೊಟ್ಟು ಸುಮ್ಮನಾಗುತ್ತಿದ್ದೆ. ಅದಕ್ಕೆಂದೇ ಎರಡು ಬಸ್ಸು ಬದಲಿಸಿ ಚನ್ನಗಿರಿಯ ತಮ್ಮ ಕಚೇರಿಗೆ ಬಂದೆ. ಗುರುಬಸವರಾಜ್ ಅವರು ಕೇಳಿಸಿಕೊಂಡು, ಚಹಾ ತರಿಸಿ, ಸಮಾಧಾನವಾಗಿಯೇ ಹೇಳಿದರು.

“ಇದೇನ್ ದೊಡ್ಡ ವಿಷ್ಯ ಬಿಡ್ರಿ ಮೇಡಂ. ಆ ‘ಅನ್ನು’ ಹೊಡ್ದಾಕಿ ‘ಗಂಡನಿಂದ ಬಿಡಲ್ಪಟ್ಟವರು’ ಅಂತ ಹಾಕಿದ್ರಾತು. ಪೋಸ್ಟ್ ಇನ್ನೂ ಖಾಲಿ ಐತೆ. ಸಾಹೇಬ್ರು ಮರುಪರಿಶೀಲನೆ ಮಾಡಾಕೆ ಒಪ್ತಾರೆ.”

ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ನ್ಯಾಮತಿಯ ಕೋಣೆ, ಶಾಲೆಯ ಗೇಟು, ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಮದೀಹಾ ಅಕ್ಕನ ನೆನಪಾಯಿತು. ಅವರ ಹೆಸರಿನ ಎದುರೂ ಅದೇ ವಾಕ್ಯವಿತ್ತು. ಅವರದನ್ನೂ ಸರಿಮಾಡುತ್ತೀರಾ ಎಂದು ಕೇಳಿದೆ.

“ಆಯಮ್ಮಂದು ಬ್ಯಾರೆ ರೀ. ಅವ್ರೇ ಬಾಯಿಬಿಟ್ಟು ಹೇಳ್ಯಾರಲ್ಲ, ಬಿಟ್ಟು ಬಂದೀನಿ ಅಂತ. ಅದಕ್ಕೆ ನಿಮ್ಮ ಯಾವ ವ್ಯಾಕರಣನೂ ಬರಲ್ಲ” ಎಂದು ನಕ್ಕರು.

ಹೌದು, ಅಕ್ಕ ಬಾಯಿಬಿಟ್ಟು ಹೇಳಿದ್ದರು. ನನಗೆ ಕೇಳಿದ ಪ್ರಶ್ನೆಯನ್ನೇ ತಾವು ಅವರಿಗೂ ಕೇಳಿದಾಗ ಅವರು ತಲೆಯಾಡಿಸಲಿಲ್ಲ. “ಬಿಟ್ಟೋಳಲ್ಲ ಸಾ, ಬಿಟ್ ಬಂದೋಳು” ಎಂದಿದ್ದರು. ಯಾಕೆ ಬಿಟ್ಟು ಬಂದರು ಎಂದು ತಾವು ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಅವರ ಗಂಡ ಮನೆಯಿಂದ ಹೊರಡುವಾಗಲೆಲ್ಲ ಹೊಲಿಗೆ ಯಂತ್ರದ ಬೆಲ್ಟನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಹೆಂಡತಿ ಹೊಲಿದು ಸಂಪಾದಿಸಿದರೆ ಮಾತು ಕೇಳುವುದಿಲ್ಲವಂತೆ. ಹಬ್ಬದ ಹೊತ್ತಿಗೆ ಊರವರ ಬಟ್ಟೆಯೆಲ್ಲ ಕತ್ತರಿಸಿಟ್ಟುಕೊಂಡು, ಬೆಲ್ಟು ಇಲ್ಲದ ಯಂತ್ರದ ಮುಂದೆ ಈಕೆ ಕೂತಿರುತ್ತಿದ್ದರು. ಪೆಡಲು ತುಳಿದರೆ ಕೆಳಗಿನ ಗಾಲಿ ತಿರುಗುತ್ತದೆ, ಮೇಲೆ ಸೂಜಿ ಅಲ್ಲಾಡುವುದಿಲ್ಲ. ಒಂದು ದಿನ ಗಂಡ ನಿದ್ದೆ ಮಾಡುತ್ತಿದ್ದಾಗ ಅಕ್ಕ ಅವರ ಜೇಬಿನಿಂದ ಬೆಲ್ಟನ್ನು ತೆಗೆದುಕೊಂಡು, ಮಕ್ಕಳನ್ನು ಎಬ್ಬಿಸಿಕೊಂಡು ಹೊರಟು ಬಂದರು. ಯಂತ್ರ ಅಲ್ಲೇ ಉಳಿಯಿತು. ತವರಿನವರು ಹಳೆಯ ಯಂತ್ರವೊಂದನ್ನು ಕೊಡಿಸಿದಾಗ ಅದಕ್ಕೆ ಹಾಕಿದ್ದು ಅದೇ ಬೆಲ್ಟು. ಇದು ತಮ್ಮ ಭಾಷೆಯಲ್ಲಿ ‘ಹೊಂದಾಣಿಕೆ ಗುಣ ಸಂದೇಹಾಸ್ಪದ’.

ಅಂದು ನಾನು ಕಚೇರಿಯ ಮೆಟ್ಟಿಲಿಳಿದು ಬಂದು ಅಕ್ಕನಿಗೆ ನಡೆದದ್ದನ್ನು ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

“ಹಾಕಿಸ್ಕಳ್ರಿ ಟೀಚರ್, ನಿಮಗಾದ್ರೂ ಸಿಗ್ಲಿ. ನಾನು ಬಿಟ್ಟೀನಿ, ಬಿಟ್ಟೀನಿ ಅಂತಾನೇ ಹೇಳ್ತೀನಿ. ಅವ್ನೇ ಬಿಡೋತನಕ ಕಾಯಾಕೆ ನಾನೇನು ಬಸ್ ಸ್ಟ್ಯಾಂಡಾ?”

ಆ ಮಾತಿಗೆ ನಗು ಬಂತು. ನಕ್ಕ ಮೇಲೆ ನಾಚಿಕೆಯಾಯಿತು. ಇಷ್ಟು ದಿನ ನಾನು ಹೋರಾಡುತ್ತಿದ್ದದ್ದು ಯಾವುದಕ್ಕೆ? ‘ನಾನು ಅವಳಂತಲ್ಲ, ನಾನು ಒಳ್ಳೆಯವಳು, ನನ್ನನ್ನೇ ಬಿಟ್ಟುಹೋದರು’ ಎಂಬ ಪ್ರಮಾಣಕ್ಕೆ. ತಾವು ಇಟ್ಟ ಪರೀಕ್ಷೆಯಲ್ಲಿ ತಪ್ಪು ಅಂಕ ಬಂತೆಂದು ಜಗಳಕ್ಕೆ ಬಂದಿದ್ದೆನೇ ಹೊರತು, ಈ ಪರೀಕ್ಷೆಯನ್ನು ಇಟ್ಟವರು ಯಾರು ಎಂದು ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ಗಂಡ ಬಿಟ್ಟ ಹೆಂಗಸಿನ ಮಕ್ಕಳಿಗೆ ಆಗುವ ಹಸಿವು, ಗಂಡನನ್ನು ಬಿಟ್ಟ ಹೆಂಗಸಿನ ಮಕ್ಕಳಿಗೆ ಕಡಿಮೆ ಆಗುತ್ತದೆಯೇ? ಅವರ ಶಾಲೆಯಲ್ಲಿ ಪುಸ್ತಕ ಅಗ್ಗವೇ? ಒಂದೇ ಮನೆಯಲ್ಲಿ ಏಟು ತಿನ್ನುತ್ತ ಕೂತು, ಅವನಾಗಿಯೇ ಹೋದ ಮೇಲೆ ಅರ್ಜಿ ಹಾಕಿದರೆ ಆದ್ಯತೆ, ಬುದ್ಧಿ ಉಪಯೋಗಿಸಿ ಮೊದಲೇ ಹೊರಬಂದರೆ ಸಂದೇಹ. ಇದು ಸಬಲೀಕರಣವೋ, ಸಹನೆಗೆ ಕೊಡುವ ಬಹುಮಾನವೋ?

ಜಗಳೂರು ಕೇಂದ್ರದ ಹುದ್ದೆ ತಿಪ್ಪೇರುದ್ರಸ್ವಾಮಿಯವರಿಗೆ ಸಿಕ್ಕಿತು. ಒಳ್ಳೆಯವರು, ಅರ್ಹರು, ಅವರ ಬಗ್ಗೆ ನನ್ನ ತಕರಾರಿಲ್ಲ. ಅವರೂ ಹೆಂಡತಿಯಿಂದ ದೂರವಾಗಿ ಮಗನನ್ನು ಒಬ್ಬರೇ ಸಾಕುತ್ತಿದ್ದಾರೆ. ಫಲಕದಲ್ಲಿ ಅವರ ಹೆಸರಿನ ಎದುರು ‘ಕುಟುಂಬದ ಜವಾಬ್ದಾರಿ ಹೊತ್ತವರು’ ಎಂದಿದೆ. ‘ಹೆಂಡ್ತಿ ಬಿಟ್ಟೋನಾ?’ ಎಂದು ತಾವು ಕೇಳಿದಿರಾ ಎಂದು ಅವರನ್ನೇ ವಿಚಾರಿಸಿದೆ. “ಇಲ್ರೀ ಮೇಡಂ. ಮಗನ್ನ ನೋಡ್ಕೊಂಡು ಕೆಲ್ಸನೂ ಮಾಡ್ತೀರಲ್ಲ, ಗ್ರೇಟ್ ಅಂದ್ರು” ಎಂದು ಅವರೇ ಮುಜುಗರಪಟ್ಟರು. ಅದೇ ಕೆಲಸ, ಅದೇ ಮಗು, ಅದೇ ಒಂಟಿತನ. ಗಂಡಸು ಹೊತ್ತರೆ ಜವಾಬ್ದಾರಿ, ಹೆಂಗಸು ಹೊತ್ತರೆ ಚಾರಿತ್ರ್ಯದ ವಿಚಾರಣೆ!

ಈ ಪತ್ರ ಅಚ್ಚಾದ ಮೇಲೆ ಹುದ್ದೆ ಇರಲಿ, ಈಗಿರುವ ತರಗತಿಗಳೂ ನನಗೆ ಉಳಿಯಲಿಕ್ಕಿಲ್ಲ ಎಂಬುದು ಗೊತ್ತು. ಮದೀಹಾ ಅಕ್ಕನ ಹೆಸರು ಬರೆಯಲೇ ಎಂದು ಅವರನ್ನು ಕೇಳಿಯೇ ಬರೆದಿದ್ದೇನೆ. “ಬರೀರಿ. ಬೋರ್ಡಿನ ಮ್ಯಾಲೆ ಸಾಹೇಬ್ರೇ ಹಾಕ್ಯಾರಲ್ಲ, ಪೇಪರಿನಾಗೆ ಬಂದ್ರೆ ಏನ್ ಕಮ್ಮಿ ಆಗ್ತೈತೆ? ಬೆಲ್ಟಿನ ವಿಷ್ಯ ಮಾತ್ರ ಬಿಡಬ್ಯಾಡ್ರಿ” ಎಂದರು. ಬಿಟ್ಟಿಲ್ಲ.

ಆದ್ದರಿಂದ ನನ್ನ ಹೆಸರಿನ ಎದುರಿನ ‘ಅನ್ನು’ ಪ್ರತ್ಯಯವನ್ನು ತಿದ್ದಿಕೊಡಿ ಎಂಬ ಮನವಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಅದರ ಬದಲು ಆ ಇಡೀ ವಾಕ್ಯವನ್ನು, ಇಬ್ಬರ ಹೆಸರಿನ ಎದುರಿನಿಂದಲೂ, ಫಲಕ ಓದಲು ನಿಲ್ಲುವ ಜನರ ಎದುರಿಗೇ ಅಳಿಸಿಹಾಕಬೇಕೆಂದು ಒತ್ತಾಯಿಸುತ್ತೇನೆ. ನಮ್ಮ ಕೆಲಸವನ್ನು ನೋಡಿ ಮತ್ತೊಮ್ಮೆ ಸಂದರ್ಶನ ನಡೆಸಿ. ಅಲ್ಲಿ ಸೋತರೆ ಮರುಮಾತಿಲ್ಲದೆ ಒಪ್ಪುತ್ತೇವೆ. ಯಾರು ಯಾರನ್ನು ಬಿಟ್ಟರು ಎಂಬ ಪ್ರಶ್ನೆಯನ್ನು ಆ ಮೇಜಿನ ಮೇಲೆ ಇನ್ನು ಯಾವ ಹೆಂಗಸಿನ ಮುಂದೆಯೂ ಇಡಕೂಡದು. ಅಷ್ಟಾಗುವವರೆಗೆ, ನನ್ನ ತರಗತಿ ಉಳಿದಿರುವಷ್ಟು ದಿನ, ತಮ್ಮ ಸೂಚನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದು ‘ತಪ್ಪಿದ್ದರೆ ತಿದ್ದಿರಿ’ ಎಂದು ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿನಿಯರು ಈಗಾಗಲೇ ತಿದ್ದತೊಡಗಿದ್ದಾರೆ.

ಮುಂದಿನ ಸಲ ತಾವು ಕೇಳಿದರೆ ಬಾಯಿಯಿಂದಲೇ ಉತ್ತರ ಬರುತ್ತದೆ. ಕೆಳಗಿನ ನನ್ನ ಪರಿಚಯದಲ್ಲಿ ‘ಅನ್ನು’ ಪ್ರತ್ಯಯವನ್ನು ನಾನಾಗಿಯೇ ಹಾಕಿದ್ದೇನೆ, ಅದನ್ನು ಮಾತ್ರ ತಿದ್ದಬೇಡಿ.

ಇಂತಿ,
ತಲೆಯಾಡಿಸುವುದನ್ನು ಬಿಟ್ಟವಳು,
ಗೋವಿನಕೋವಿ