ಬಚ್ಚಲ ಬಾಗಿಲಿನ ಅಳತೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಆದರೆ ನಿನ್ನ ಗಂಡನ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ, ನನ್ನ ಕನ್ನಡಕದ ಮೇಲೆ ಸಿಮೆಂಟು ಕೂತಿದೆ, ನಿನ್ನ ಮಗಳು ಗಿಣಿ ತನ್ನ ಮೂಗಿನ ತುದಿಗೆ ಬಿಳಿ ಬಣ್ಣ ಹಚ್ಚಿಕೊಂಡು ಮನೆ ತುಂಬ ಓಡಾಡುತ್ತಿದ್ದಾಳೆ. ಇದನ್ನು ಕ್ಷೇಮ ಅನ್ನಬಹುದೋ ಇಲ್ಲವೋ ನೀನೇ ಹೇಳು. ಕಾಗದ ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯುವ ಮನಸ್ಸಿತ್ತು, ಮೇಜಿರಲಿಲ್ಲ. ಮೇಜಿನ ಮೇಲೆ ಬಚ್ಚಲ ಬಾಗಿಲು ಉದ್ದಕ್ಕೆ ಮಲಗಿದೆ. ಅದರ ಮೇಲೆಯೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಅಲ್ಲಲ್ಲಿ ಕುಣಿದರೆ ನನ್ನನ್ನು ಬೈಯಬೇಡ.

ಫೋನು ಮಾಡಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಸರಿ ಅತ್ತೆ, ಆಯ್ತು ಅತ್ತೆ" ಅಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಮಂಚದ ಪಕ್ಕದಲ್ಲಿ ಬಿದ್ದಿದ್ದರೆ ಒಂದಲ್ಲ ಒಂದು ಹೊತ್ತಿನಲ್ಲಿ ಬೇಸರಕ್ಕಾದರೂ ಓದುತ್ತೀಯ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಸೀದಾ ನಿನ್ನ ಅಕ್ಕನ ಮನೆಗೆ ಹೋಗುತ್ತೇನೆ ಅಂದೆಯಂತೆ. ಅಲ್ಲಿ ಲಿಫ್ಟಿದೆ, ನೆಲ ಸಪಾಟಾಗಿದೆ, ಯಾರಿಗೂ ತೊಂದರೆ ಇಲ್ಲ ಅಂದೆಯಂತೆ. ನಿನ್ನ ಗಂಡ ಈ ಸುದ್ದಿಯನ್ನು ಚಪ್ಪಲಿ ಬಿಡುತ್ತಾ, ನನ್ನ ಮುಖ ನೋಡದೆ ಹೇಳಿದ. ಹೇಳಿದವನು ಒಳಗೆ ಹೋಗಿ ಮಲಗುತ್ತಾನೆ ಅಂದುಕೊಂಡೆ. ಅವನು ನೇರವಾಗಿ ಹಿತ್ತಿಲಿಗೆ ಹೋಗಿ ಹಲಗೆ ಕೊಯ್ಯಲು ಕೂತ. ಏನೋ ಇದು ಅಂದರೆ, "ಬರಲಿ ಬಿಡಲಿ ಅಮ್ಮ, ಬರೋಕೆ ದಾರಿ ಆದ್ರೂ ಇರಬೇಕಲ್ಲ" ಅಂದ. ಆವತ್ತಿನಿಂದ ಈ ಮನೆಯಲ್ಲಿ ಸುತ್ತಿಗೆಯ ಸದ್ದು ನಿಂತಿಲ್ಲ.

ನಿನಗೆ ಗೊತ್ತೇ ಇದೆ, ನಿನ್ನ ಗಂಡನ ಕೈಗೆ ಪೆನ್ನು ಒಗ್ಗಿದಷ್ಟು ಮೊಳೆ ಒಗ್ಗುವುದಿಲ್ಲ. ಬಡಗಿಯ ಮಗಳನ್ನು ತಂದುಕೊಂಡೆವು ಅಂತ ಇಷ್ಟು ವರ್ಷ ಹಾಯಾಗಿದ್ದ. ನಲ್ಲಿ ಸೋರಿದರೆ ನೀನು, ಫ್ಯಾನು ಕಿರುಗುಟ್ಟಿದರೆ ನೀನು, ಅವನು ಏಣಿ ಹಿಡಿದುಕೊಂಡು "ಹುಷಾರು, ಹುಷಾರು" ಅನ್ನುವುದಕ್ಕೆ ಮಾತ್ರ. ನಿನ್ನ ಸ್ಕೂಟರು ಮರಳಿನ ಮೇಲೆ ಜಾರಿ, ಇನ್ನು ಮೇಲೆ ಗಾಲಿಕುರ್ಚಿಯೇ ಅಂತ ಡಾಕ್ಟರು ಹೇಳಿದ ಮೇಲೆ ಅವನಿಗೆ ಏಣಿ ಹತ್ತುವ ಸರದಿ ಬಂತು. ರಾತ್ರಿ ಊಟ ಮಾಡುತ್ತಾ ಮೊಬೈಲಿನಲ್ಲಿ ಬಡಗಿ ಕೆಲಸದ ವಿಡಿಯೊ ನೋಡುತ್ತಾನೆ. ವಿಡಿಯೊದವನ ಗರಗಸ ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ, ನಮ್ಮವನ ಗರಗಸ ಹಲ್ಲು ಕಡಿಯುತ್ತದೆ.

ಮೊದಲು ಮುಂಬಾಗಿಲ ಮೆಟ್ಟಿಲ ಮೇಲೆ ಇಳಿಜಾರು ಮಾಡಿದ. ಮಾಡಿ ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತ. ನಾನು ನೋಡಿದವಳೇ, "ಇದು ಇಳಿಜಾರಲ್ಲ ಕಣೋ, ಜಾರುಬಂಡೆ" ಅಂದೆ. ಅವನಿಗೆ ಸಿಟ್ಟು ಬಂತು. ಅಷ್ಟರಲ್ಲಿ ಗಿಣಿ ಗೋಣಿಚೀಲ ತಂದು ಅದರ ಮೇಲೆ ಕೂತು ಸುಯ್ಯೆಂದು ಜಾರಿ ಗೇಟಿಗೆ ಹೋಗಿ ಬಡಿದಳು. ಬಡಿದವಳು ಅಳುವ ಬದಲು "ಇನ್ನೊಂದ್ಸಲ" ಅಂದಳು. ನಿನ್ನ ಗಂಡ ಎಲ್ಲವನ್ನೂ ಕಿತ್ತು, ಗೋಡೆಯ ಉದ್ದಕ್ಕೂ ಗೇಟಿನವರೆಗೆ ಹೊಸದಾಗಿ ಹಾಕಿದ. ಈಗ ಅದರ ಮೇಲೆ ನಾನೂ ಮೆಟ್ಟಿಲಿನ ಹಂಗಿಲ್ಲದೆ ಹತ್ತಿ ಇಳಿಯುತ್ತೇನೆ.

ಬುಧವಾರ

ಕಾಗದ ಹತ್ತು ದಿನ ಅರ್ಧಕ್ಕೆ ನಿಂತಿತ್ತು, ಯಾಕೆಂದರೆ ಮೇಜು ಬಾಗಿಲಾಗಿ ಎದ್ದುಹೋಯಿತು. ಅದರ ಕಥೆ ಹೇಳುತ್ತೇನೆ, ಕೇಳು.

ಪಕ್ಕದ ಮನೆಯ ಮೇಷ್ಟ್ರು ತಮ್ಮ ಹೆಂಡತಿಯ ಗಾಲಿಕುರ್ಚಿಯನ್ನು ಒರೆಸಿ, ಎಣ್ಣೆ ಬಿಟ್ಟು ತಂದುಕೊಟ್ಟರು. ಅವರ ಹೆಂಡತಿ ಹೋದ ಮೇಲೆ ಅದು ಮೂಲೆಯಲ್ಲೇ ಇತ್ತಂತೆ. "ಅಳತೆಗೆ ಇಟ್ಕೊಳ್ಳಿ, ಸೊಸೆ ಬಂದ್ಮೇಲೆ ವಾಪಸ್ ಕೊಟ್ರೆ ಸಾಕು" ಅಂದರು. ನಿನ್ನ ಗಂಡ ಟೇಪು ತಂದು ಕುರ್ಚಿಯ ಅಗಲ ಅಳೆದ, ಇನ್ನೊಮ್ಮೆ ಅಳೆದ, ಗಿಣಿಯಿಂದಲೂ ಅಳೆಸಿದ. ಬಚ್ಚಲ ಬಾಗಿಲ ಚೌಕಟ್ಟು ಕಿತ್ತು, ಗೋಡೆ ಕೊರೆದು, ಕುರ್ಚಿ ಸರಿಯಾಗಿ ಹೋಗುವಷ್ಟು ಅಗಲ ಮಾಡಿದ. ಗಾರೆ ಹಚ್ಚಿದ, ಬಣ್ಣ ಬಳಿದ, ಬಾಗಿಲು ಒಳಗೆ ತೆರೆದರೆ ಕುರ್ಚಿಗೆ ಅಡ್ಡ ಬರುತ್ತದೆ ಅಂತ ಹೊರಗೆ ತೆರೆಯುವ ಹಾಗೆ ಮಾಡಿದ. ನಿಜ ಹೇಳುತ್ತೇನೆ, ನನಗೇ ಹೆಮ್ಮೆ ಆಯಿತು. ಅವನ ಎದುರಿಗೆ ಹೇಳಲಿಲ್ಲ, ಹೇಳಿದರೆ ಅಡುಗೆಮನೆ ಬಾಗಿಲನ್ನೂ ಕೀಳುತ್ತಿದ್ದ.

ಪರೀಕ್ಷೆ ಮಾಡಲು ಕುರ್ಚಿಯಲ್ಲಿ ಕೂತವಳು ನಾನು. ಈ ಮನೆಯಲ್ಲಿ ಈಗ ನನ್ನ ಕೆಲಸ ಅದೇ, ಸಾಮಾನಿನ ಹಾಗೆ ಕೂತು ತಳ್ಳಿಸಿಕೊಳ್ಳುವುದು. ನಿನ್ನ ಗಂಡ ಹಿಂದಿನಿಂದ ತಳ್ಳಿದ, ಬಾಗಿಲಲ್ಲಿ ಸರ್ರನೆ ಹೋಯಿತು. "ನೋಡಿದ್ಯಾ!" ಅಂತ ಎಲ್ಲರ ಮುಖ ನೋಡಿದ. ಆಗ ಗಿಣಿ, ಬಾಯಲ್ಲಿದ್ದ ಜಡೆಯ ತುದಿ ತೆಗೆದು, "ಆದ್ರೆ ಅಮ್ಮ ತಾನೇ ತಿರುಗಿಸ್ತಾಳಲ್ಲ?" ಅಂದಳು.

ಸರಿ, ನಾನೇ ಗಾಲಿಗೆ ಕೈಹಾಕಿ ತಿರುಗಿಸಿದೆ. ಬಾಗಿಲಿನ ನಡುವೆ ಬಂದದ್ದೇ ತಡ, ಎರಡೂ ಕೈಯ ಗೆಣ್ಣು ಚೌಕಟ್ಟಿಗೆ ತರಚಿ ಚರ್ಮ ಎದ್ದಿತು. ಕೂಗಿದ ಕೂಗಿಗೆ ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಅಷ್ಟು ಸಲ ಟೇಪು ಹಿಡಿದ ನಾವು ಕುರ್ಚಿಯನ್ನು ಅಳೆದಿದ್ದೆವು, ಅದನ್ನು ತಿರುಗಿಸುವ ಕೈಗಳನ್ನು ಅಳೆದಿರಲಿಲ್ಲ. ನಮ್ಮ ಮೂವರ ತಲೆಯಲ್ಲೂ ನೀನು ಕೂತಿದ್ದೆ, ಯಾರೋ ಹಿಂದಿನಿಂದ ತಳ್ಳುತ್ತಿದ್ದರು. ನಿನ್ನಂಥವಳನ್ನು ಯಾರು ತಳ್ಳುವುದು! ಪಾತ್ರೆ ಎತ್ತಿಕೊಡಲು ಹೋದರೆ "ಬಿಡಿ ಅತ್ತೆ, ಕೈ ಇಲ್ವಾ ನಂಗೆ" ಅನ್ನುತ್ತಿದ್ದವಳು ನೀನು.

ನಿನ್ನ ಗಂಡ ಗೋಡೆಗೆ ಒರಗಿ ಕೂತುಬಿಟ್ಟ. ಬಣ್ಣ ಇನ್ನೂ ಹಸಿ ಇತ್ತು, ಬೆನ್ನ ತುಂಬ ಮೆತ್ತಿಕೊಂಡಿತು. ಮೇಷ್ಟ್ರು ಒಳಗೆ ಬಂದು ನನ್ನ ಕೈ ನೋಡಿದರು, ಚೌಕಟ್ಟು ನೋಡಿದರು. "ನಾವು ನಮ್ಮನೆಯವಳನ್ನ ಬಚ್ಚಲಿಗೆ ಎತ್ಕೊಂಡೇ ಹೋಗ್ತಿದ್ವಿ. ಬಾಗಿಲು ಸಾಕಾಗುತ್ತಾ ಅನ್ನೋ ಪ್ರಶ್ನೆನೇ ಬರಲಿಲ್ಲ" ಅಂದರು. ಕುರ್ಚಿಯ ಹಿಡಿ ಒರೆಸುತ್ತಾ, "ಅವಳಿಗೆ ಅದು ಬೇಕಿತ್ತಾ ಅಂತ ಕೇಳ್ಬೇಕಿತ್ತು" ಅಂದರು. ಆಮೇಲೆ ಅಂಗಿ ತೋಳು ಮಡಚಿ, "ಏಳಪ್ಪ, ಆ ಉಳಿ ಕೊಡು" ಅಂತ ನಿನ್ನ ಗಂಡನಿಗೆ ಗದರಿಸಿದರು. ಚೌಕಟ್ಟು ಮತ್ತೆ ಕಿತ್ತು ಬಂತು, ಗೋಡೆ ಮತ್ತೆ ಹೋಯಿತು. ಈಗ ಆ ಬಾಗಿಲಲ್ಲಿ ನನ್ನ ಮೊಣಕೈ ಕೂಡ ತಾಗುವುದಿಲ್ಲ.

ಅಲ್ಲಿಂದ ಮುಂದೆ ನಾವು ಕಟ್ಟಿದ್ದನ್ನೆಲ್ಲ ಮತ್ತೆ ನೋಡಬೇಕಾಯಿತು. ಗಿಣಿ ಕುರ್ಚಿಯಲ್ಲಿ ಕೂತು, ಹೆಡ್‌ಮಾಸ್ಟರಿಣಿಯ ಹಾಗೆ ಮನೆ ಸುತ್ತಿದಳು. ಸ್ವಿಚ್ಚು ಕೈಗೆ ಸಿಗುತ್ತಿಲ್ಲ, ಕೆಳಗೆ ಬಂತು. ಕನ್ನಡಿಯಲ್ಲಿ ಹಣೆ ಮಾತ್ರ ಕಾಣುತ್ತದೆ, ಕೆಳಗೆ ಬಂತು. ಬಟ್ಟೆ ಬೀರುವಿನ ಕೋಲು ಕೆಳಗೆ ಬಂತು. ಅಡುಗೆಮನೆಗೆ ಬಂದವಳು ನನ್ನ ಡಬ್ಬಿಗಳ ಸಾಲಿನತ್ತ ಬೆರಳು ತೋರಿಸಿ, "ಇದು?" ಅಂದಳು.

ಆ ಡಬ್ಬಿಗಳ ಸಾಲು ನಾನು ಈ ಮನೆಗೆ ಬಂದಂದಿನಿಂದ ಹಾಗೇ ಇದೆ. ಕಣ್ಣು ಮುಚ್ಚಿ ಕೈಹಾಕಿದರೂ ಉಪ್ಪು ಬೇಕಾದರೆ ಉಪ್ಪು, ಸಕ್ಕರೆ ಬೇಕಾದರೆ ಸಕ್ಕರೆ. ನೀನೊಮ್ಮೆ ಅವನ್ನು ಕೆಳಗಿಳಿಸೋಣ ಅಂದಾಗ ನಾನು ಎಷ್ಟು ಹಾರಾಡಿದ್ದೆ ಅನ್ನುವುದು ನಿನಗೆ ನೆನಪಿರುತ್ತದೆ. ಈ ಸಲವೂ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ನಾನೇ ಸ್ಟೂಲು ಹತ್ತಿ ಒಂದೊಂದಾಗಿ ಇಳಿಸಿದೆ. ನಿನ್ನ ಗಂಡ, ಮೇಷ್ಟ್ರು ಸೇರಿ ಅಡುಗೆ ಕಟ್ಟೆಯ ಒಂದು ಭಾಗ ತಗ್ಗಿಸಿ, ಅಡಿಯಲ್ಲಿದ್ದ ಬೀರು ತೆಗೆದು, ಮಂಡಿ ಒಳಗೆ ಹೋಗುವಷ್ಟು ಜಾಗ ಬಿಟ್ಟಿದ್ದಾರೆ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತು ತರಕಾರಿ ಹೆಚ್ಚಿದರೆ ಎಷ್ಟು ಸುಖ ಗೊತ್ತಾ? ಇಷ್ಟು ವರ್ಷ ನಿಂತುಕೊಂಡೇ ಯಾಕೆ ಸತ್ತೆ ಅನ್ನಿಸಿತು. ನೀನು ಬಂದ ಮೇಲೆ ಆ ಜಾಗಕ್ಕೆ ನಮ್ಮಿಬ್ಬರಿಗೂ ಜಗಳ ಆಗುವುದಂತೂ ಖಂಡಿತ.

ಒಂದು ವಿಷಯಕ್ಕೆ ಮಾತ್ರ ಗಿಣಿ ನನ್ನ ಮೇಲೆ ಎಗರಿಬಿದ್ದಳು. ನಿನ್ನ ಹತಾರದ ಪೆಟ್ಟಿಗೆಯನ್ನು, ನೋಡಿದರೆ ನಿನಗೆ ನೋವಾಗುತ್ತದೆ ಅಂತ, ನಾನು ಅಟ್ಟದ ಮೇಲೆ ಹಾಕಿಸಿದ್ದೆ. ಅದನ್ನು ಕಂಡವಳು, "ಅಮ್ಮ ಸತ್ತೋಗಿದ್ದಾಳಾ? ಅವಳ ಸಾಮಾನು ಯಾಕೆ ಮೇಲೆ ಹಾಕಿದ್ರಿ?" ಅಂತ ಕೂಗಿ ಅತ್ತುಬಿಟ್ಟಳು. ಆಗಲೇ ನಿನ್ನ ಗಂಡನನ್ನು ಏಣಿ ಹತ್ತಿಸಿದೆ. ಪೆಟ್ಟಿಗೆ ಈಗ ಕೆಳಗಿದೆ. ಅದನ್ನು ಎಲ್ಲಿಡಬೇಕು ಅನ್ನುವುದು ನಿನಗೆ ಬಿಟ್ಟದ್ದು.

ಶನಿವಾರ, ಸಂಜೆ

ಇವತ್ತು ಮನೆ ಗುಡಿಸಿದೆವು. ಮರದ ಪುಡಿ ಎಲ್ಲೆಲ್ಲಿ ಹೊಕ್ಕಿದೆ ಅಂದರೆ, ಬೆಳಿಗ್ಗೆ ನನ್ನ ಕಾಫಿಯಲ್ಲೂ ತೇಲುತ್ತಿತ್ತು. ಇಳಿಜಾರಿನ ಮೇಲೆ ಮರಳು ಬೆರೆಸಿದ ಬಣ್ಣ ಬಳಿದಿದ್ದೇವೆ, ಒದ್ದೆಯಾದರೂ ಗಾಲಿ ಜಾರುವುದಿಲ್ಲ. ಮೇಷ್ಟ್ರು ರಸಮಟ್ಟ ಇಟ್ಟು ಕಟ್ಟೆಯ ಮಟ್ಟ ನೋಡಿ, ಒಂದು ಕಡೆ ಕೂದಲೆಳೆಯಷ್ಟು ಓರೆ ಅಂದರು. ನಿನ್ನ ಗಂಡ, "ನಾನೂ ಅಷ್ಟೇ ಓರೆ, ನಡೆಯುತ್ತೆ ಬಿಡಿ" ಅಂದ. ಅವನು ತಮಾಷೆ ಮಾಡಿ ಎಷ್ಟೋ ತಿಂಗಳಾಗಿತ್ತು, ನಾವೆಲ್ಲ ಬೇಕಾದ್ದಕ್ಕಿಂತ ಜಾಸ್ತಿಯೇ ನಕ್ಕೆವು.

ಒಂದೇ ಕೆಲಸ ಬಾಕಿ ಇದೆ. ಬಚ್ಚಲ ಬಾಗಿಲಿಗೆ ಒಳಗಡೆಯ ಚಿಲಕ ಹಾಕಿಲ್ಲ. ನಾನು ಕೂತರೆ ಕೈ ಒಂದು ಕಡೆ ಹೋಗುತ್ತದೆ, ಗಿಣಿ ಕೂತರೆ ಇನ್ನೊಂದು ಕಡೆ. ನಿನ್ನ ಗಂಡ ಒಂದು ಅಂದಾಜಿನಲ್ಲಿ ಹಾಕಿಬಿಡುತ್ತೇನೆ ಅಂತ ಡ್ರಿಲ್ಲು ಎತ್ತಿಕೊಂಡ, ನಾನು ಕಿತ್ತುಕೊಂಡೆ. ಅಂದಾಜು ಮಾಡಿದ್ದು ಸಾಕು. ನೀನು ಬಂದು, ಕೂತು, ಕೈ ಚಾಚು. ಕೈ ಎಲ್ಲಿ ಹೋಗುತ್ತದೋ ಅಲ್ಲಿ ತೂತು ಹೊಡೆಯುತ್ತೇವೆ. ಅಲ್ಲಿಯವರೆಗೆ ಸ್ನಾನಕ್ಕೆ ಹೋದವರು ಒಳಗಿಂದ ಹಾಡು ಹೇಳಬೇಕು ಅಂತ ಮನೆಯಲ್ಲಿ ಕಾನೂನಾಗಿದೆ. ನಿನ್ನ ಗಂಡನ ಹಾಡು ನನ್ನಿಂದ ಕೇಳಲಾಗುತ್ತಿಲ್ಲ, ಅದಕ್ಕಾದರೂ ಬೇಗ ಬಾ.

ಹೊತ್ತುಹೊತ್ತಿಗೆ ಊಟ ಮಾಡು. ವ್ಯಾಯಾಮ ಮಾಡಿಸುವ ಹುಡುಗಿಯ ಜೊತೆ ಜಗಳ ಆಡಬೇಡ, ನನ್ನ ಜೊತೆ ಆಡಲು ಸ್ವಲ್ಪ ಉಳಿಸಿಕೋ. ದೇವರು ನಿನ್ನ ತೋಳಿಗೆ ಬಲ ಕೊಡಲಿ, ನಿನ್ನ ಹಟಕ್ಕೆ ಆಯಸ್ಸು ಕೊಡಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಕಾಗದ ಮಡಚಿಟ್ಟು ಅಂಟಿಸಲು ಹೋದೆ, ಆಗಲಿಲ್ಲ. ಗುರುವಾರ ನಿನ್ನನ್ನು ನೋಡಿ ಬಂದ ಗಿಣಿ, ನೀನು ಅವಳಪ್ಪನಿಗೆ ಮೆಲ್ಲಗೆ ಹೇಳಿದ್ದನ್ನು ಕೇಳಿಸಿಕೊಂಡು ನನ್ನ ಹತ್ತಿರ ಒಪ್ಪಿಸಿದ್ದಾಳೆ. "ನಿಮ್ಮಮ್ಮನಿಗೆ ಬೇಕಾಗಿದ್ದು ನನ್ನ ಕೆಲಸ. ಕೆಲಸ ಮಾಡೋಳು ಹೋದ್ಲು, ಇನ್ನು ನನ್ನನ್ನ ಎದುರಿಗೆ ಇಟ್ಕೊಂಡು ಅವರು ಏನ್ ಮಾಡ್ತಾರೆ" ಅಂದೆಯಂತೆ. ಲಿಫ್ಟೂ ಅಲ್ಲ, ಸಪಾಟು ನೆಲವೂ ಅಲ್ಲ, ನೀನು ಬಾರದಿರುವುದು ಇದಕ್ಕೆ.

ಕೇಳಿ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ. ಇಷ್ಟೆಲ್ಲ ಬಾಗಿಲು ಅಗಲ ಮಾಡಿ, ಕಟ್ಟೆ ತಗ್ಗಿಸಿ, ಹತಾರ ಕೆಳಗಿಳಿಸಿ, ನಿನಗೆ ನಾನು ಮತ್ತೆ ಕೆಲಸವನ್ನೇ ತೋರಿಸಿ ಕರೆಯುತ್ತಿದ್ದೇನಾ ಅನ್ನಿಸಿತು. ಕೇಳು. ನೀನು ಒಂದು ಮೊಳೆಯನ್ನೂ ಮುಟ್ಟಬೇಡ. ಒಂದು ಲೋಟವನ್ನೂ ತೊಳೆಯಬೇಡ. ಇಡೀ ದಿನ ಕಿಟಕಿಯ ಹತ್ತಿರ ಕೂತು ಬೀದಿಯಲ್ಲಿ ಹೋಗುವವರನ್ನು ನೋಡುತ್ತಿರು, ನನಗೆ ಅಷ್ಟೇ ಸಾಕು.

ನೀನು ಹೋದ ಮೇಲೆ ಈ ಮನೆಯಲ್ಲಿ ನಾನು ಹೇಳಿದ್ದಕ್ಕೆಲ್ಲ ದೊಡ್ಡವರೆಲ್ಲ ಹೂಂ ಅನ್ನುತ್ತಾರೆ. ಮಗ ಹೆದರಿ ಹೂಂ ಅನ್ನುತ್ತಾನೆ, ಮೇಷ್ಟ್ರು ಮರ್ಯಾದೆಗೆ ಹೂಂ ಅನ್ನುತ್ತಾರೆ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ, ಮಗ, ಊಟಕ್ಕೆ ನಿಂತಿದ್ದ ಮೇಷ್ಟ್ರು, ಅವರನ್ನು ನೋಡಿ ಗಿಣಿ, ಮೂವರೂ ಸುಮ್ಮನೆ ಉಂಡು ಎದ್ದುಹೋದರು. "ಅತ್ತೆ, ನಿಮಗೆ ತಲೆ ಸರಿ ಇದೆಯಾ" ಅಂತ ಕೇಳುವವರು ಯಾರೂ ಇರಲಿಲ್ಲ. ಆ ತಟ್ಟೆ ಮುಂದಿಟ್ಟುಕೊಂಡು ನಾನೊಬ್ಬಳೇ ತುಂಬ ಹೊತ್ತು ಕೂತಿದ್ದೆ, ತಾಯಿ. ಮನೆಗೆ ಬಾ.