ಗೂಗಿಮರಿಗಳ ಕಣ್ಣು

ಉಮದಿ,
೧೮ ಫೆಬ್ರುವರಿ ೧೯೫೪

ಉಟಗಿಯ ತವರುಮನೆಯಲ್ಲಿರುವ ಚಿ. ಸೌ. ಸಿದ್ದಲಿಂಗವ್ವಗೆ ಮುರಗೆಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬಾಣಂತಿಯನ್ನು ಹೀಗೆ ಕಾಯಿಸಬಾರದಿತ್ತು. ಕ್ಯಾಮೆರಾ ತಂದು ನಮ್ಮ ಕೂಸಿನ ಫೋಟೋ ತೆಗೆಯಿರಿ ಎಂದು ಬರೆದಿದ್ದೀ. ಕೆಲಸವಿತ್ತು ಎಂದರೆ ಅರ್ಧ ನಿಜ. ಉಳಿದರ್ಧ ಹೆದರಿಕೆ. ಯಾತರ ಹೆದರಿಕೆ ಎಂದು ನನಗೇ ಗೊತ್ತಿರಲಿಲ್ಲ; ಮೊನ್ನೆ ತಿಳಿಯಿತು.

ಇಲ್ಲಿಯ ಶಾಲೆಯ ಅಣ್ಣಾರಾಯ ಮಾಸ್ತರರು ಗೂಗಿಮರಿಗಳ ಫೋಟೋ ಕೇಳಿದ್ದರು. ಗೂಬೆ ಇಲಿ ತಿನ್ನುತ್ತದೆ, ಕೊಲ್ಲಬೇಡಿ ಎಂದು ರೈತರಿಗೆ ತೋರಿಸಲಿಕ್ಕೆ. ಮಲಕವ್ವಾಯಿಯ ಹಾಳು ವಾಡೆಯ ಗೋಡೆಯಲ್ಲಿ ಗೂಡು. ನಾನು ಏಣಿ ಹತ್ತಿದೆ. ಪೊಟರೆಯೊಳಗೆ ಬಿಸಿಲು ಬೀಳಲೆಂದು ಮುದುಕಿ ಕೆಳಗೆ ಕನ್ನಡಿ ಹಿಡಿದಳು.

"ಕೈ ಅಲಗಸಬ್ಯಾಡ, ಆಯಿ."

"ನಾ ಎಲ್ಲಿ ಅಲಗಸ್ತೀನೋ? ಸೂರ್ಯಾನ ಸರಕೊಂತ ಹೊಂಟಾನ. ಲಗೂನ ತಗಿ, ಗೂಗಿ ಮಾರಿ ನೋಡೂದು ಚಲೋ ಅಲ್ಲ."

"ಅವೂ ನನ್ನ ಮಾರಿ ನೋಡಾಕತ್ತಾವ."

"ಹಂಗಾರ ಪಾಪ, ಅವಕ್ಕ ಕೇಡು!"

ಮೂರು ಮರಿ. ಬಿಳಿ ತುಪ್ಪಳ, ಚಪ್ಪಟೆ ಮುಖ, ಮನುಷ್ಯರ ಹಾಗೆ ನೇರ ಮುಂದಕ್ಕೆ ನೋಡುವ ಕಣ್ಣು. ಕನ್ನಡಿಯ ಬೆಳಕು ಬಿದ್ದೊಡನೆ ಮೂರೂ ಮರಿ ಕಣ್ಣು ಮುಚ್ಚಿದವು. ಫೋಟೋ ಹಾಗೆಯೇ ಬಂತು.

ತಿದ್ದುವುದು ನನಗೆ ಹೊಸದಲ್ಲ. ಈ ಸೀಮೆಯಲ್ಲಿ ಕೂಸು ತೀರಿಕೊಂಡರೆ ಮಣ್ಣು ಮಾಡುವ ಮೊದಲು ನನ್ನನ್ನು ಕರೆಯುತ್ತಾರೆ. ಬೇರೆ ಫೋಟೋ ಇರುವುದಿಲ್ಲವಲ್ಲ. ಗೋಡೆಗೆ ಹಾಕುವ ಫೋಟೋದಲ್ಲಿ ಮುಚ್ಚಿದ ಕಣ್ಣು ಯಾರಿಗೂ ಬೇಡ. ನಾನು ಕುಂಚದಿಂದ ತೆರೆಯುತ್ತೇನೆ. ಮರಿಗಳಿಗೂ ಅದನ್ನೇ ಮಾಡಿದೆ: ಕಪ್ಪು ಮಸಿ, ಮೇಲೊಂದು ಬಿಳಿ ಚುಕ್ಕೆ. ಮಾಸ್ತರರು "ಭಾಳ ಚಲೋ ಬಂದಾವ" ಎಂದರು.

ಮಲಕವ್ವಾಯಿಗೂ ತೋರಿಸಿದೆ. ಅವಳು ಸೆರಗಿನಿಂದ ಫೋಟೋ ಒರೆಸಿ, ಮತ್ತೆ ನೋಡಿ, "ಇವು ನಮ್ಮ ದುಂಡವ್ವನ ಕಣ್ಣಲ್ಲೇನೋ?" ಎಂದಳು. ದುಂಡವ್ವ ಅವಳ ಮೊಮ್ಮಗಳು, ಹೋದ ವರ್ಷ ಸಿಡುಬಿನಲ್ಲಿ ಹೋದವಳು. ನನ್ನನ್ನು ಒಳಗೆ ಕರೆದೊಯ್ದು, ಗೋಡೆಯ ಮೇಲೆ ನಾನೇ ತಿದ್ದಿಕೊಟ್ಟಿದ್ದ ಕೂಸಿನ ಫೋಟೋದ ಪಕ್ಕದಲ್ಲಿ ಇದನ್ನು ಹಿಡಿದಳು. ಅದೇ ಕಣ್ಣು.

"ನನ್ನ ಕೂಸಿನ ಕಣ್ಣು ಗೂಗಿಗೆ ಯಾಕ ಹಚ್ಚಿದ್ಯೋ, ಮುರಗ್ಯಾ?"

ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಹಳೆಯ ಪ್ರತಿಗಳನ್ನೆಲ್ಲ ಹರವಿದೆ. ಸನಮಡಿಯ ಹೆಣ್ಣುಕೂಸು, ಕುರಿಕಾಯುವ ಶಿದ್ರಾಯನ ಮಗ, ಇನ್ನೂ ಎಷ್ಟೋ. ಎಲ್ಲವೂ ಒಂದೇ ಜೋಡಿ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದವು. ಬೋರಲು ಹಾಕಿದೆ.

ಮುಂದಿನ ಗುರುವಾರದ ಬಸ್ಸಿಗೆ ಬರುತ್ತೇನೆ. ಕ್ಯಾಮೆರಾ ತರುವುದಿಲ್ಲ, ಸಿಟ್ಟು ಮಾಡಬೇಡ. ತಲೆಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗಿರು. ಅತ್ತೆಯವರಿಗೆ ನಮಸ್ಕಾರ ಹೇಳು. ಕೂಸಿಗೆ ನನ್ನ ಆಯುಷ್ಯವೂ ಸೇರಲಿ.

ನಿನ್ನ
ಮುರಗೆಪ್ಪ

ತಾ.ಕ.: ಕೂಸಿನ ಕಣ್ಣು ಥೇಟ್ ನಮ್ಮ ಚೊಚ್ಚಲ ಮಗಳು ಸಾವಿತ್ರವ್ವನವು ಎಂದು ಬರೆದಿದ್ದೀ. ನಾನು ಮೊಟ್ಟಮೊದಲು ಕುಂಚದಿಂದ ತೆರೆದದ್ದು ಅವಳ ಕಣ್ಣನ್ನೇ; ಅವಳು ಹೋದ ದಿನ, ನೀನು ಅತ್ತು ಕೇಳಿದ್ದಕ್ಕೆ. ಅಂದಿನಿಂದ ನನ್ನ ಕೈಗೆ ಬೇರೆ ಕಣ್ಣು ಬಂದಿಲ್ಲ. ಈಗ ಅವಳ ನಿಜವಾದ ಕಣ್ಣು ನೆನಪಾಗುತ್ತಿಲ್ಲ, ಸಿದ್ದೂ, ಮಸಿಯೊಂದೇ ಕಾಣುತ್ತದೆ. ನಾನು ಬಂದಾಗ ಕೂಸು ಮಲಗಿದ್ದರೆ ಎಬ್ಬಿಸು. ಅತ್ತರೂ ಅಡ್ಡಿಯಿಲ್ಲ.