ಹೆಗಲಿಗೆ ಬಂದ ನೋವು

ಗಂಗೊಳ್ಳಿ
18-11-2003

ಪ್ರೀತಿಯ ಜಲಜಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ದೀಪಾವಳಿಗೆ ಮೊದಲೇ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರಿಸಬೇಡ. ಹೊಟ್ಟೆಗೆ ಹೊಲಿಗೆ ಹಾಕಿದ್ದರು, ಕೂತು ಬರೆಯಲು ಆಗುತ್ತಿರಲಿಲ್ಲ. ಹೆದರಬೇಡ, ಈಗ ಮನೆಗೆ ಬಂದಿದ್ದೇನೆ, ಗಂಜಿ ಸೇರುತ್ತಿದೆ.

ಆ ದಿನ ಬಂಗುಡೆ ಮೀನು ಮಾರಿ ಬಂದವಳಿಗೆ ಬಲ ಹೆಗಲ ತುದಿ ನೋಯತೊಡಗಿತು. ಹೊಟ್ಟೆಯೂ ಹಿಡಿದುಕೊಂಡಿತ್ತು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅತ್ತೆ, "ಬುಟ್ಟಿ ಹೊತ್ ಉಳ್ಕಿತ್ ಕಾಣ್. ಎಣ್ಣಿ ತಿಕ್ತೆ, ಮನಿಕೊ" ಎಂದರು. ಮಲಗಿದರೆ ನೋವು ಜಾಸ್ತಿ. ಕೈಯನ್ನು ಮಾತ್ರ ಹೇಗೆ ಬೇಕಾದರೂ ಎತ್ತಬಹುದಿತ್ತು! ಬಚ್ಚಲಿಗೆಂದು ಎದ್ದವಳು ಕಣ್ಣು ಕತ್ತಲಿಟ್ಟು ಬಿದ್ದೆ.

ಇವರು ಬೋಟಿನಲ್ಲಿ ಕಡಲಿಗೆ ಹೋಗಿದ್ದರು. ಅತ್ತೆ ಓಡಿಹೋಗಿ ಪಕ್ಕದ ಮನೆಯ ಸುಜನ್‌ನ ರಿಕ್ಷಾ ತರಿಸಿದರು. ಹೊಳೆ ದಾಟಿದರೆ ಕುಂದಾಪುರ ಎದುರಿಗೇ. "ಇವ್ರನ್ನ ದೋಣಿ ಹತ್ಸುಕ್ ಆತ್ತಾ? ತ್ರಾಸಿ ಮೇಲೇ ಹೋಪ" ಎಂದ ಸುಜನ್. ತ್ರಾಸಿ ಊರಿನ ಮೇಲೆ ರಸ್ತೆಯಲ್ಲಿ ಹೋದರೆ ಅಷ್ಟು ದೂರದ ಸುತ್ತು. ದಾರಿಯುದ್ದಕ್ಕೂ ಅತ್ತೆ ನನ್ನ ಕೆನ್ನೆ ತಟ್ಟುತ್ತಲೇ ಇದ್ದರು. "ನಿದ್ರಿ ಮಾಡ್ಬೇಡ ಹೆಣೆ, ಮಾತಾಡ್ತಿರ್."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೆಗಲು ಒತ್ತಿದರು, ನೋಯಲಿಲ್ಲ. ಹೊಟ್ಟೆ ಒತ್ತಿದರು, ಕಿರುಚಿದೆ. ಮುಟ್ಟು ಯಾವಾಗ ಆದದ್ದೆಂದು ಕೇಳಿದರು. ತಡವಾಗಿದೆ, ನನಗೆ ಯಾವಾಗಲೂ ಹೀಗೇ ಎಂದೆ. ಆಮೇಲೆ ಎಲ್ಲರೂ ಓಡಾಡತೊಡಗಿದರು. ಗರ್ಭವು ಗರ್ಭಚೀಲದೊಳಗೆ ನಿಲ್ಲದೆ ನಾಳದಲ್ಲಿ ನಿಂತು, ನಾಳ ಒಡೆದು ಹೊಟ್ಟೆಯೆಲ್ಲ ರಕ್ತ ತುಂಬಿತ್ತಂತೆ. ಆ ನಾಳ ತೆಗೆದರು. ರಕ್ತ ಕೊಟ್ಟವನೂ ಸುಜನ್‌ನೇ.

ಮರುದಿನ ಅತ್ತೆ ಡಾಕ್ಟರಮ್ಮನನ್ನು ಕೇಳಿದರು: "ಹೆಗ್ಲಿಗೆ ಎಂತಕ್ ನೋವ್ ಬಂದದ್ದ್ ಅಮ್ಮ?"

"ಎದಿಗೂ ಹೊಟ್ಟಿಗೂ ಮಧ್ಯ ಒಂದ್ ಪರದಿ ಇತ್ತ್. ರಕ್ತ ಅದಕ್ಕೆ ತಾಗಿತ್. ಆ ಪರದಿ ನರ ಹೊರ್ಡುದ್ ಕುತ್ಗಿಯಿಂದ. ಹೆಗ್ಲಿನ್ ನರವೂ ಅಲ್ಲಿಗೇ ಬಂದ್ ಸೇರ್ತ್. ಸುದ್ದಿ ಎಲ್ಲಿಂದ ಬಂತ್ ಅಂದೇಳಿ ಮಿದುಳಿಗೆ ಗೊತ್ತಾತಿಲ್ಲೆ, ಹೆಗ್ಲೇ ಅಂದ್ಕಂತ್" ಎಂದರು ಡಾಕ್ಟರಮ್ಮ.

ಅತ್ತೆ ಎಣ್ಣೆ ತಿಕ್ಕಿದ ತಮ್ಮ ಅಂಗೈ ನೋಡಿಕೊಂಡರು.

ಬೋಟು ದಡಕ್ಕೆ ಬಂದ ಮೇಲೆ ಇವರು ಬಂದರು. ಹಾಸಿಗೆಯ ಪಕ್ಕ ನಿಂತು ಮೊದಲು ನನ್ನ ಹೆಗಲು ಮುಟ್ಟಿದರು. ಬಂದರಿನಲ್ಲಿ ಯಾರೋ ಹೆಗಲು ನೋವೆಂದಷ್ಟೇ ಹೇಳಿದ್ದರಂತೆ. ನಾನೇ ಎಲ್ಲ ಹೇಳಬೇಕಾಯಿತು.

ಇನ್ನೊಂದು ನಾಳ ಸರಿಯಾಗಿದೆಯಂತೆ. ಭಾವನಿಗೆ ನಮಸ್ಕಾರ ಹೇಳು. ಮೋಕ್ಷಿತಾಳಿಗೆ ಚಿಕ್ಕಮ್ಮನ ಆಶೀರ್ವಾದ, ಅವಳು ಸುಖವಾಗಿ ಬೆಳೆಯಲಿ.

ಇಂತಿ ನಿನ್ನ ತಂಗಿ
ಶ್ರೀಲತಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. "ನೀವ್ ಬಸ್ರಿ" ಎಂದು ಡಾಕ್ಟರಮ್ಮ ಹೇಳಿದಾಗ, ಅಷ್ಟು ನೋವಿನಲ್ಲೂ ನನಗೆ ಸಂತೋಷವಾಯಿತಕ್ಕ. ಮದುವೆಯಾಗಿ ಏಳು ವರ್ಷ ಕಾದಿದ್ದ ಮಾತು. ನಕ್ಕುಬಿಟ್ಟೆ. ಅವರು ಹೇಳುವುದನ್ನು ಇನ್ನೂ ಮುಗಿಸಿರಲಿಲ್ಲ.